ಕಟ್ಟುಹಾವು ಕಡಿದರೆ ನೋಯುವುದಿಲ್ಲ

ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗುತ್ತದೆ. ಇಲಿ, ಕಪ್ಪೆಗಳ ಬೆನ್ನುಹತ್ತಿ ಹಾವುಗಳೂ ಮನೆಯಂಗಳಕ್ಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆಹಾವು ಇಲಿ ತಿಂದು ರೈತನಿಗೆ ಉಪಕಾರ ಮಾಡುತ್ತದೆ. ನೀರುಹಾವು ಕಚ್ಚಿದರೆ ರಕ್ತ ಬರಬಹುದು, ವಿಷವೇರದು. ಎರಡು ತಲೆಯ ಹಾವೆಂದು ಲಕ್ಷಗಟ್ಟಲೆ ಹಣಕ್ಕೆ ಮಾರಲಾಗುವ ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ, ಒಂದು ಮೊಂಡು ಬಾಲ. ಅದನ್ನು ಕೊಂಡು ಮೋಸಹೋದವರಿಗೆ ಮಾತ್ರ ಯಾವ ಪದ್ಧತಿಯಲ್ಲೂ ಔಷಧವಿಲ್ಲ!

ನಮ್ಮ ರಾಜ್ಯದಲ್ಲಿ ಜೀವಕ್ಕೆ ಎರವಾಗುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕೊಳಕುಮಂಡಲ, ಗರಗಸಮಂಡಲ ಮತ್ತು ಕಟ್ಟುಹಾವು. ನಾಗರ ಹೆಡೆಯೆತ್ತಿ ಎಚ್ಚರಿಸುತ್ತದೆ. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆಗಳಿರುವ ಕೊಳಕುಮಂಡಲ ಕುಕ್ಕರಿನಂತೆ ಬುಸುಗುಡುತ್ತದೆ. ಬಯಲುಸೀಮೆಯ ಕಲ್ಲುನೆಲದ ಗಿಡ್ಡ ಗರಗಸಮಂಡಲ ತನ್ನ ಹುರುಪೆಗಳನ್ನೇ ಉಜ್ಜಿ ಸದ್ದು ಮಾಡುತ್ತದೆ. ಇವು ಕಡಿದರೆ ಸಾಮಾನ್ಯವಾಗಿ ಉರಿ, ನೋವು, ಊತ ಕಾಣಿಸುವುದರಿಂದ ಮನೆಯವರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ.

ಕಟ್ಟುಹಾವು ಹಾಗಲ್ಲ. ಅದು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಹಲ್ಲು ಸಣ್ಣದು, ಗಾಯದ ಗುರುತೂ ಕಾಣದಿರಬಹುದು. ಕೆಲವು ಗಂಟೆಗಳ ನಂತರ ಹೊಟ್ಟೆನೋವು, ವಾಂತಿ ಶುರುವಾಗುತ್ತದೆ. ಮನೆಯ ಹಿರಿಯರು ಗ್ಯಾಸ್ ಎಂದುಕೊಂಡು ಓಮದ ನೀರು ಕುಡಿಸುತ್ತಾರೆ. ಆಮೇಲೆ ಕಣ್ಣರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಆದ್ದರಿಂದ ನೆಲದಲ್ಲಿ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾಗದೆ ಒದ್ದಾಡಿದರೆ, ಹಾವನ್ನು ಯಾರೂ ನೋಡಿರದಿದ್ದರೂ ಆಸ್ಪತ್ರೆಗೆ ಒಯ್ಯಿರಿ.

ಇದರ ವೇಷದಲ್ಲೇ ಇರುವ ಇನ್ನೊಂದು ಹಾವಿದೆ. ಹಲ್ಲಿ ಹುಡುಕಿಕೊಂಡು ಗೋಡೆಯೇರುವ ತೋಳಹಾವಿಗೆ ಮನುಷ್ಯರಿಗೆ ಅಪಾಯ ತರುವಂಥ ವಿಷವಿಲ್ಲ. ಅದರ ಬಿಳಿ ಪಟ್ಟೆಗಳು ಕುತ್ತಿಗೆಯ ಬಳಿ ದಟ್ಟವಾಗಿದ್ದು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನಲ್ಲಿ ಬಾಲದ ಕಡೆ ಸ್ಪಷ್ಟ, ತಲೆಯ ಕಡೆ ಮಸುಕು. ಆದರೆ ಅರೆಬೆಳಕಿನಲ್ಲಿ, ಗಾಬರಿಯಲ್ಲಿ ಪಟ್ಟೆ ಲೆಕ್ಕ ಹಾಕುವುದು ಯಾರಿಂದ ಸಾಧ್ಯ? ಯಾವ ಹಾವೇ ಕಡಿದಿರಲಿ, ವಿಷದ್ದೆಂದೇ ತಿಳಿದು ಹೊರಡಿ.

ಹಳೆಯ ಯುನಾನಿ ಗ್ರಂಥಗಳಲ್ಲಿ ವಿಷಕ್ಕೆ ತಿರ್ಯಾಕ್ ಎಂಬ ಮದ್ದಿನ ವಿವರಗಳಿವೆ. ಅದಕ್ಕೆ ಹಾವಿನ ಮಾಂಸವನ್ನೂ ಸೇರಿಸುತ್ತಿದ್ದರು. ಅದನ್ನು ನಾನೂ ಓದಿದ್ದೇನೆ. ಆದರೂ ಹೇಳುತ್ತೇನೆ, ಹಾವು ಕಡಿದವರನ್ನು ನನ್ನ ದವಾಖಾನೆಗೆ ತರಬೇಡಿ, ನಾಟಿವೈದ್ಯರ ಬಳಿಗೂ ಬೇಡ. ಇದಕ್ಕಿರುವ ಮದ್ದು ಪ್ರತಿವಿಷ ಚುಚ್ಚುಮದ್ದು ಒಂದೇ. ಕುದುರೆಯ ರಕ್ತದಿಂದ ತಯಾರಿಸುವ ಇದು ಆ ನಾಲ್ಕೂ ಹಾವುಗಳ ವಿಷಕ್ಕೆ ಅನ್ವಯಿಸುತ್ತದೆ. ಹಾಗಾಗಿ ಹಾವನ್ನು ಕೊಂದು ಚೀಲದಲ್ಲಿ ತರಬೇಕಾಗಿಲ್ಲ. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

108ಕ್ಕೆ ಕರೆಮಾಡಿ. ವಾಹನ ಬರುವ ತನಕ ಉಂಗುರ, ಬಳೆ ತೆಗೆಯಿರಿ. ಕಡಿದ ಕೈಕಾಲು ಅಲುಗಾಡದಂತೆ ಕೋಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿರಿ. ಹಗ್ಗದಿಂದ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ರೋಗಿಯನ್ನು ನಡೆಸಬೇಡಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ.

ಫಜ್ರ್‌ಗೆ ಎದ್ದು ಹೊರಗಿನ ನಲ್ಲಿಗೆ ವುಝೂ ಮಾಡಲು ಹೋಗುವವರು ಟಾರ್ಚ್ ಹಿಡಿಯಿರಿ. ಕಟ್ಟಿಗೆಯ ರಾಶಿ ಮನೆಗೋಡೆಗೆ ತಾಗಿಕೊಂಡಿರದಿರಲಿ. ಮಕ್ಕಳನ್ನು ಮಂಚದ ಮೇಲೆ ಮಲಗಿಸಿ. ಮಂಚವಿಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಸುತ್ತಲೂ ಚಾಪೆಯಡಿಗೆ ಸೇರಿಸಿ.