ಬೀಜದ ಟಗರು ಬದಲಿಸಿ, ಹಿಂಡು ಉಳಿಸಿ

ಮರಿಗಳು ಸಣ್ಣಗೆ ಹುಟ್ಟುತ್ತಿವೆ, ಹುಟ್ಟಿದ್ದೂ ಕೈಗೆ ಹತ್ತುತ್ತಿಲ್ಲ, ಹಸುವಿಗೆ ಎಷ್ಟು ಸಲ ಸೆಮೆನ್ ಹಾಕಿಸಿದರೂ ಗಬ್ಬ ನಿಲ್ಲುತ್ತಿಲ್ಲ. ಹೀಗಾದಾಗ ಮೊದಲು ಮೇವು, ಜಂತುಹುಳು, ಕಾಯಿಲೆಗಳನ್ನು ಪಶುವೈದ್ಯರಿಗೆ ತೋರಿಸಿ ನೋಡಲೇಬೇಕು. ಅವೆಲ್ಲ ಸರಿಯಿದ್ದೂ ತೊಂದರೆ ತಪ್ಪದಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಇವುಗಳ ತಂದೆ ಯಾರು?

1. ಹೆಣ್ಣಿನ ಲೆಕ್ಕಕ್ಕಿಂತ ಗಂಡಿನ ಲೆಕ್ಕ ಮುಖ್ಯ

ತಳಿಶಾಸ್ತ್ರದ ಒಂದು ಸುಲಭ ಲೆಕ್ಕವಿದೆ. ಗಂಡು, ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ತಲೆಗಳಿಂದ ಭಾಗಿಸಿ. 40 ಕುರಿಗೆ ಒಂದೇ ಟಗರು ಇದ್ದರೆ ಉತ್ತರ ಸುಮಾರು 4. ಅಂದರೆ ವಂಶವೈವಿಧ್ಯದ ಮಟ್ಟಿಗೆ ಆ 41 ತಲೆಯ ಹಿಂಡು ನಾಲ್ಕು ತಲೆಗೆ ಸಮ! ಸಾಲ ಮಾಡಿ ಇನ್ನೂ 60 ಕುರಿ ಕೊಂಡು ನೂರು ಮಾಡಿದರೂ ಉತ್ತರ ನಾಲ್ಕನ್ನು ದಾಟುವುದಿಲ್ಲ. ಅದೇ 40 ಕುರಿಗೆ ಸಂಬಂಧವಿಲ್ಲದ ಇನ್ನೊಂದು ಟಗರು ಬಿಟ್ಟರೆ ಎಂಟರ ಹತ್ತಿರ ಬರುತ್ತದೆ. ಒಂದು ತಳಿ ಆರೋಗ್ಯವಾಗಿ ಉಳಿಯಲು ಈ ಸಂಖ್ಯೆ ಕನಿಷ್ಠ 50 ಇರಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಒಬ್ಬ ಕುರಿಗಾರನಿಂದ ಅದು ಆಗದ ಕೆಲಸ. ಊರು ಸೇರಿದರೆ ಆಗುತ್ತದೆ.

2. ಟಗರಿಗೆ ಎರಡು ವರ್ಷದೊಳಗಿನ ಗಡುವು ಹಾಕಿ

ಕುರಿಯ ಗಬ್ಬ ಐದು ತಿಂಗಳು. ಹುಟ್ಟಿದ ಹೆಣ್ಣುಮರಿ ವರ್ಷ ತುಂಬುವ ಹೊತ್ತಿಗೆ ಬೆದೆಗೆ ಬರುತ್ತದೆ. ಅದೇ ಟಗರು ಹಿಂಡಿನಲ್ಲಿದ್ದರೆ ಮಗಳನ್ನೇ ಹತ್ತುತ್ತದೆ. ತಂದೆ–ಮಗಳ ಮರಿಯಲ್ಲಿ ಒಳಸಂತಾನದ ಪ್ರಮಾಣ ಶೇ. 25, ಒಡಹುಟ್ಟಿದವುಗಳ ಮರಿಯಲ್ಲೂ ಅಷ್ಟೇ. ತಂದೆ ಒಂದೇ ಆಗಿ ತಾಯಿ ಬೇರೆಯಾದರೆ ಶೇ. 12.5. ಟಗರು ಎಷ್ಟೇ ಚೆನ್ನಾಗಿರಲಿ, ಅದರ ಮಗಳು ಬೆದೆಗೆ ಬರುವ ಮೊದಲೇ ಬೇರೆ ಊರಿನವರಿಗೆ ಮಾರಿ. ಮೇಕೆ ಸಾಕುವವರು ಹೋತಕ್ಕೂ ಇದೇ ನಿಯಮ ಇಟ್ಟುಕೊಳ್ಳಿ.

3. ಗಂಡುಮರಿ ಬೇರೆ ಮಾಡಿ

ನಾಲ್ಕು ತಿಂಗಳೊಳಗೆ ಬೇರೆ ದೊಡ್ಡಿಗೆ ಹಾಕಿ, ಇಲ್ಲವೇ ಬೀಜ ಒಡೆಸಿ. ತಡಮಾಡಿದರೆ ತಾಯಿ, ತಂಗಿಯೆಂದು ನೋಡುವುದಿಲ್ಲ.

4. ಟಗರಿನ ಊರು ಕೇಳಿ, ಬಾಯಿ ನೋಡಿ

ಸಂತೆಯಲ್ಲಿ ಮೈಕಟ್ಟು ನೋಡಿ ಮರುಳಾಗುವುದು ಸಹಜ. ಮೊದಲು ಕೆಳತುಟಿ ಎಳೆದು ನೋಡಿ: ಮುಂದಿನ ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂರಬೇಕು. ದವಡೆ ಮುಂದೆ ಚಾಚಿದ್ದರೆ, ಒಳಗೆ ಸರಿದಿದ್ದರೆ ಬೇಡ. ಬೀಜ ಎರಡೂ ಇಳಿದಿರಬೇಕು, ಸಮನಾಗಿ, ಗಟ್ಟಿಯಾಗಿರಬೇಕು. ಒಂದೇ ಇಳಿದಿದ್ದರೆ ಆ ದೋಷ ಮಕ್ಕಳಿಗೂ ದಾಟಬಹುದು. ತಾಯಿಯನ್ನು ನೋಡಲು ಸಿಕ್ಕರೆ ಇನ್ನೂ ಒಳ್ಳೆಯದು. ತಂದ ಮೇಲೆ ಮೂರು ವಾರ ಪ್ರತ್ಯೇಕ ಕಟ್ಟಿ.

5. ನಾಲ್ಕು ಮನೆ ಸುತ್ತು ಕಟ್ಟಿ

ನಿಮ್ಮ ಹಿಂಡಿನ ಒಳ್ಳೆಯ ಗಂಡುಮರಿ ಬೀಜಕ್ಕೆ ಎರಡನೇ ಮನೆಗೆ, ಅವರದು ಮೂರನೆಯವರಿಗೆ, ಮೂರನೆಯವರದು ನಾಲ್ಕನೆಯವರಿಗೆ, ನಾಲ್ಕನೆಯವರದು ನಿಮಗೆ. ದಿಕ್ಕು ಎಂದೂ ತಿರುಗಿಸಬಾರದು. ದುಡ್ಡು ಖರ್ಚಿಲ್ಲದ ಈ ಏರ್ಪಾಡಿಗೆ ಬೇಕಾದದ್ದು ಮಾತಿನ ಮೇಲೆ ನಿಲ್ಲುವ ನೆರೆಹೊರೆ ಮಾತ್ರ. ಕೆಲವು ವರ್ಷಕ್ಕೊಮ್ಮೆ ದೂರದ ಊರಿನ ಹೊಸ ಟಗರೊಂದನ್ನು ಸುತ್ತಿಗೆ ಸೇರಿಸಿ.

6. ಹಸುವಿಗೆ ಹೋರಿಯ ನಂಬರ್ ಬರೆದಿಡಿ

ಹೋರಿಯನ್ನೇ ಕಾಣದ ಕಾಲ ಇದು, ಅದಕ್ಕೇ ಅಪಾಯ ಹೆಚ್ಚು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಎಚ್‌ಎಫ್ ಹೋರಿಗೆ ಸುಮಾರು 16,000 ಹೆಣ್ಣುಮಕ್ಕಳು. ಹಾಲು ಹೆಚ್ಚಿತು, ಎಲ್ಲರಿಗೂ ಅದರ ಸೆಮೆನ್ನೇ ಬೇಕಾಯಿತು. ಆದರೆ ಅದರೊಳಗೆ ಒಂದು ಕೆಟ್ಟ ಜೀನ್ ಅಡಗಿತ್ತು. ಒಂದು ಕಡೆಯಿಂದ ಬಂದರೆ ಏನೂ ಆಗದು; ತಂದೆ ತಾಯಿ ಇಬ್ಬರಿಂದಲೂ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಚೀಫ್‌ನ ಮೊಮ್ಮಕ್ಕಳು ಮರಿಮಕ್ಕಳು ಒಂದಕ್ಕೊಂದು ಕೂಡುತ್ತ ಹೋದಂತೆ ಜಗತ್ತಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹಸುಗಳು ಕಂದು ಹಾಕಿದವೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಹಸುವಿನ ಯಜಮಾನರಿಗೆ ಕಂಡದ್ದು ‘ಗಬ್ಬ ನಿಲ್ಲಲಿಲ್ಲ’ ಎಂಬುದಷ್ಟೇ.

ಸೆಮೆನ್ ಸ್ಟ್ರಾ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಕಿವಿಯೋಲೆಯ 12 ಅಂಕಿಯ ಪಕ್ಕದಲ್ಲೇ ಅದನ್ನೂ ಬರೆದಿಡಿ. ಆ ಹೋರಿಯ ಮಗಳು ಬೆದೆಗೆ ಬಂದಾಗ ಬೇರೆ ನಂಬರ್ ಕೇಳಿ ಹಾಕಿಸಿ.

7. ರಕ್ತ ಬದಲಿಸಿ, ತಳಿ ಕೆಡಿಸಬೇಡಿ

ಬಂಡೂರು ಕುರಿಗೆ ಬೇರೆ ಊರಿನ ಬಂಡೂರು ಟಗರೇ ಬೇಕು. ಹಳ್ಳಿಕಾರ್, ಅಮೃತಮಹಲ್, ಕೃಷ್ಣಾ ಕಣಿವೆ, ಮಲೆನಾಡು ಗಿಡ್ಡ ದನಗಳಿಗೂ ಇದೇ ಮಾತು. ಸಂಬಂಧ ತಪ್ಪಿಸುವ ನೆಪದಲ್ಲಿ ಸಿಕ್ಕ ತಳಿಯ ಹೋರಿ ಬಿಟ್ಟರೆ ಬಿಸಿಲು, ಬರ, ಒಣಮೇವು ತಡೆದು ನೂರಾರು ವರ್ಷಗಳಲ್ಲಿ ಬಂದ ಗುಣ ಒಂದೆರಡು ತಲೆಮಾರಿನಲ್ಲೇ ಕೈತಪ್ಪುತ್ತದೆ. ಕೃಷ್ಣಾ ಕಣಿವೆಯ ಹೋರಿಗಳಂತೂ ಈಗಾಗಲೇ ಬೆರಳೆಣಿಕೆಯ ಊರುಗಳಲ್ಲಿವೆ. ನಿಮ್ಮ ಕೊಟ್ಟಿಗೆಯಲ್ಲಿ ಅಂಥದೊಂದು ಒಳ್ಳೆಯ ಗಂಡುಕರು ಇದ್ದರೆ ಬೀಜ ಒಡೆಸುವ ಮೊದಲು ಅದೇ ತಳಿ ಸಾಕುವವರನ್ನೂ ಪಶುವೈದ್ಯರನ್ನೂ ಒಂದು ಮಾತು ಕೇಳಿ.