ಶೂನ್ಯ ಟಿಕೆಟ್ಟಿನ ಲೆಕ್ಕ

ಸರಕಾರವು ಒಂದು ಯೋಜನೆಯನ್ನು ಕೈಕೊಂಡಾಗ ಎಷ್ಟು ಹಣ ವೆಚ್ಚವಾಯಿತು, ಎಷ್ಟು ಜನರಿಗೆ ಲಾಭವಾಯಿತು ಎಂಬೆರಡು ಅಂಕಿಗಳನ್ನೇ ನಾವು ಕೇಳುತ್ತೇವೆ. ಉಳ್ಳವರಿಗೂ ಇಲ್ಲದವರಿಗೂ ಇರುವ ಅಂತರ ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ಇವೆರಡರಲ್ಲಿಯೂ ಉತ್ತರವಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನೇ ತೆಗೆದುಕೊಂಡು ವಿಚಾರ ಮಾಡೋಣ. ಅದರಂತೆ ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರಕಾರಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್ ಪಡೆದು ಪ್ರಯಾಣ ಮಾಡಬಹುದು.

ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆಂದು ಸುತ್ತಣ ಹಳ್ಳಿಗಳ ಹೆಂಗಸರು ಬರುತ್ತಾರೆ. ನನ್ನ ತಾಯಿಯೂ ಅವರಲ್ಲೊಬ್ಬರು. ನನ್ನ ಕಾಲೇಜಿನ ಫೀ ಬಂದದ್ದು ಆ ಖಾರದ ಧೂಳಿನಿಂದಲೇ. ಇಂಥ ಒಬ್ಬಾಕೆ ದಿನಕ್ಕೆ 400 ರೂಪಾಯಿ ಗಳಿಸುವಳೆಂದೂ, ಅದೇ ಬಸ್ಸಿನಲ್ಲಿ ಬರುವ ನೌಕರಿಯ ಹೆಣ್ಣುಮಗಳು 2000 ಗಳಿಸುವಳೆಂದೂ, ಹೋಗಿಬರುವ ಚಾರ್ಜು 40 ಎಂದೂ ಇಟ್ಟುಕೊಳ್ಳಿರಿ. ಮೊದಲು ಅವರ ಕೈಯಲ್ಲಿ ಉಳಿಯುತ್ತಿದ್ದುದು 360 ಮತ್ತು 1960. ಈಗ 400 ಮತ್ತು 2000. ಅಂತರ ಮೊದಲೂ 1600, ಈಗಲೂ 1600. ಆದರೆ ಸುಮಾರು ಐದೂವರೆ ಪಟ್ಟು ಇದ್ದದ್ದು ಐದು ಪಟ್ಟಿಗೆ ಇಳಿಯಿತು. ಯೋಜನೆಯನ್ನು ಹೊಗಳುವವರು ಪಟ್ಟನ್ನೂ ತೆಗಳುವವರು ಅಂತರವನ್ನೂ ಎತ್ತಿ ತೋರಿಸಬಹುದು. ಇಬ್ಬರ ಗಣಿತವೂ ಸರಿಯೇ! ಕೂಲಿಯ ಹತ್ತರಲ್ಲೊಂದು ಪಾಲು ಮನೆಗೆ ಉಳಿದು ಬರುವುದು ಸಣ್ಣ ಮಾತಲ್ಲವೆಂದು ನಾನಂತೂ ಬಲ್ಲೆ.

ಮೂರನೆಯವಳೊಬ್ಬಳಿದ್ದಾಳೆ. ಅವಳ ಹಳ್ಳಿಗೆ ಬೆಳಗಿನ ಬಸ್ಸಿಲ್ಲ. ಟಂಟಂ ಗಾಡಿಗೆ ದುಡ್ಡು ಕೊಟ್ಟೇ ಬರಬೇಕು. ಶೂನ್ಯ ಟಿಕೆಟ್ಟುಗಳ ಮೊತ್ತ ಎಷ್ಟೇ ಕೋಟಿ ಮುಟ್ಟಲಿ, ಅವಳು ಅದರಲ್ಲಿಲ್ಲ. ದಿನಾಲು ಹೋಗಿಬರುವವಳು ಮಾತ್ರ ಒಂದೇ ತಿಂಗಳಲ್ಲಿ ಐವತ್ತು ಸಲ ಸೇರಿರುತ್ತಾಳೆ.

ಇನ್ನೊಂದು ತೊಡಕುಂಟು. 2020-21ರ ಕೊರೋನಾ ಕಾಲದಲ್ಲಿ ಬರಿದಾದ ಬಸ್ಸುಗಳು ಹೇಗಿದ್ದರೂ ಮತ್ತೆ ತುಂಬತೊಡಗಿದ್ದವು. ಏರಿದ ಪ್ರಯಾಣವೆಲ್ಲ ಯೋಜನೆಯ ಫಲವೆನ್ನಲಾಗದು. ಮೆಕ್ಸಿಕೋ ದೇಶದಲ್ಲಿ 1997ರಲ್ಲಿ ಬಡ ಕುಟುಂಬಗಳಿಗೆ ಸಹಾಯಧನ ಕೊಡುವ ಯೋಜನೆ ಆರಂಭವಾದಾಗ, ಚೀಟಿ ಎತ್ತಿದಂತೆ ಕೆಲವು ಹಳ್ಳಿಗಳನ್ನು ಆರಿಸಿ ಮೊದಲು ಕೊಟ್ಟು, ಉಳಿದವಕ್ಕೆ ತರುವಾಯ ಕೊಟ್ಟು, ಎರಡನ್ನೂ ಹೋಲಿಸಿ ನೋಡಿದರು. ಶಕ್ತಿ ಯೋಜನೆ ಇಡೀ ರಾಜ್ಯದಲ್ಲಿ ಒಂದೇ ದಿನ ಬಂದುದರಿಂದ ಆ ದಾರಿ ನಮಗಿಲ್ಲ. ಅದೇ ಮಾರ್ಗದ ಗಂಡಸರ ಏರಿಕೆಯನ್ನು ಹೆಂಗಸರ ಏರಿಕೆಯೊಡನೆ ಹೋಲಿಸಬಹುದು. (ಸೀಟು ಸಿಗದೆ ಗಂಡಸರು ಬೈಕು ಹತ್ತಿದ್ದರೆ ಆ ಲೆಕ್ಕವೂ ಕೆಟ್ಟಿತೆನ್ನಿ.)

ಆದಕಾರಣ ಬಸ್ಸಿನಲ್ಲಿ ಎಣಿಸಿದರೆ ಸಾಲದು. ಮೆಣಸಿನಕಾಯಿಯ ರಾಶಿಯ ಬಳಿ ನಿಂತು ಯಾರು ಯಾವುದರಲ್ಲಿ ಬಂದರು, ಎಷ್ಟು ಕೊಟ್ಟು ಬಂದರು, ಎಷ್ಟು ಕೂಲಿ ಒಯ್ದರು ಎಂದು ಕೇಳಬೇಕು. ಬರಲಾರದೆ ಮನೆಯಲ್ಲುಳಿದವರನ್ನು ಕೇಳುವುದಕ್ಕೆ ಅವರ ಹಳ್ಳಿಗೇ ಹೋಗಬೇಕು.