ಒಂದು ಸಹಿ ಒಂದಕ್ಕೇ

ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. ಬೆನ್ನಿಗೆ ಸೂಜಿ ಕೊಟ್ಟು ಸಿಸೇರಿಯನ್ ಆದ ಕೆಲವು ಬಾಣಂತಿಯರ ಪಾಡು ಇದು. ಸೂಜಿ ಹೋದ ಜಾಗದಿಂದ ಬೆನ್ನುಹುರಿಯ ಸುತ್ತಲಿನ ದ್ರವ ಸೋರುವುದೇ ಕಾರಣ. ಅಪರೂಪಕ್ಕೆ ಕಾಲಿನ ಜೋಮು ವಾರಗಟ್ಟಲೆ ಬಿಡುವುದಿಲ್ಲ. ಯಾವ ಸೂಜಿಯಿಂದ ತೊಂದರೆ ಕಡಿಮೆ, ಯಾವ ಔಷಧ ಎಷ್ಟು ಹೊತ್ತು ನೋವು ತಡೆಯುತ್ತದೆ ಎಂದು ವೈದ್ಯಕೀಯ ಕಾಲೇಜುಗಳಲ್ಲಿ ಅಧ್ಯಯನ ನಡೆಯುತ್ತದೆ. ನಡೆಯಲೇಬೇಕು. ಆದರೆ ಅದಕ್ಕೆ ಮೈ ಒಡ್ಡುವವರು ಶಿವಮೊಗ್ಗದ ವಿದ್ಯಾನಗರ, ಭದ್ರಾವತಿಗಳಿಂದ ಬೋಧನಾ ಆಸ್ಪತ್ರೆಗಳಿಗೆ ಹೋಗುವ ನಮ್ಮಂಥವರೇ.

ಆಪರೇಷನ್‌ಗೆ ಮುಂಚೆ ಕಾಗದ ಚಾಚಿದರೆ "ಎಲ್ಲಿ ಸಹಿ ಹಾಕ್ಬೇಕು?" ಎಂದಷ್ಟೇ ಕೇಳುತ್ತೇವೆ. ಸಮೀರಾ ಕೊಹ್ಲಿ ಪ್ರಕರಣ ನೆನಪಿಡಿ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ಆಕೆಗೆ ಎಚ್ಚರವಿಲ್ಲದಾಗ, ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಯಿತು. ಜೀವಕ್ಕೆ ತುರ್ತು ಅಪಾಯವಿಲ್ಲದಿದ್ದರೆ ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು.

ಸಂಶೋಧನೆಗೂ ಪ್ರತ್ಯೇಕ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ವಿವರಗಳನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸೇರದ ಸಾಕ್ಷಿಯೊಬ್ಬರು ಇರಬೇಕು. ನಡುವೆ ಹೊರಬಂದರೂ ಚಿಕಿತ್ಸೆ ತಪ್ಪಬಾರದು. ಅಧ್ಯಯನದಿಂದಲೇ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೇಳಬಹುದು. ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಪ್ರತಿ ತೊಡಕೂ ವೈದ್ಯರ ತಪ್ಪಲ್ಲ. ಜೋಮಿಗೆ ಸೂಜಿಯಷ್ಟೇ ಅಲ್ಲ, ಮಲಗಿಸಿದ ಭಂಗಿ, ಹಳೆಯ ಸಕ್ಕರೆ ಕಾಯಿಲೆಯೂ ಕಾರಣವಾಗಬಹುದು. ಆದ್ದರಿಂದ ಮೊದಲು ನರತಜ್ಞರಿಗೆ ತೋರಿಸಿ. ಜೊತೆಗೇ ಆಸ್ಪತ್ರೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಚಿಕಿತ್ಸೆಯ ದಾಖಲೆ ಕೇಳಿ. 2002ರ ವೈದ್ಯಕೀಯ ನಡತೆ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕು. ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟ ಅರಿವಳಿಕೆ ಹಾಳೆಯನ್ನು ಹೆಸರಿಸಿ ಕೇಳಿ. ಡಿಸ್‌ಚಾರ್ಜ್ ಚೀಟಿಯಲ್ಲಿ ಅದೆಲ್ಲ ಇರುವುದಿಲ್ಲ.

ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಕಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಆಪರೇಷನ್ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಗಿದ್ದರೂ, ನೀವು ಶಿವಮೊಗ್ಗ ಜಿಲ್ಲೆಯವರಾದರೆ ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ, ಸಹಾಯವಾಣಿ 15100. ದೂರಿನ ಗಡುವು 2 ವರ್ಷ. ಜೋಮು ತಾನಾಗಿ ಹೋದೀತೆಂದು ಕಾಯುತ್ತಾ ಅದನ್ನು ದಾಟಿಸಬೇಡಿ.